ಬತ್ತಿಸಿದ ರಕ್ತ

೧೯೯೯ರ ಆಡಿ ತಿಂಗಳ, ಎಂದರೆ ತಮಿಳರ ಆಷಾಢದ, ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ ತುಸು ಮುಂಚೆ, ಚೆನ್ನೈನ ಒಂದು ಖಾಸಗಿ ಆಸ್ಪತ್ರೆಯ ಎರಡನೆಯ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ ನಾನು ರೋಗಿಯ ಎಡಗಾಲಿನ ಪಕ್ಕ ನಿಂತಿದ್ದೆ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಕೊಡುವವನಿಗೆ ತಲೆಯ ಹತ್ತಿರ ಜಾಗ ಇರುವುದಿಲ್ಲ. ತಲೆ ಸರ್ಜನ್ನರದು. ನಮಗೆ ಸಿಗುವುದು ಕಾಲು, ಒಂದು ಕೈ, ಹಸಿರು ಬಟ್ಟೆಯ ಅಡಿಯಿಂದ ಹೊರಬರುವ ಕೊಳವೆಗಳು ಮತ್ತು ಮಾನಿಟರಿನ ಸದ್ದು. ನಾನಿದ್ದ ಕಡೆಯಿಂದ ಮಿದುಳು ಕಾಣುತ್ತಿರಲಿಲ್ಲ. ಆದ್ದರಿಂದ ಅದರ ಬಗ್ಗೆ ನಾನು ಬರೆಯುವುದೆಲ್ಲ ಸರ್ಜನ್ ಬಾಯಿಬಿಟ್ಟು ಹೇಳಿದ್ದು. ರಕ್ತದ ಬಗ್ಗೆ ಬರೆಯುವುದು ನಾನೇ ಕಂಡದ್ದು.

ರೋಗಿ ಅಡ್ಯಾರಿನ ಒಂದು ಸಸ್ಯಾಹಾರಿ ಹೋಟೆಲಿನ ಅಡಿಗೆಯವರು, ಕುಂದಾಪುರದ ಕಡೆಯವರು. ಹೋಟೆಲಿನಲ್ಲಿ ಎಲ್ಲರೂ ಅವರನ್ನು ಭಟ್ಟರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹಿಂದಿನ ಭಾನುವಾರ ಒಲೆಯ ಮುಂದೆ ನಿಂತಿದ್ದವರು ತಲೆ ಹಿಡಿದುಕೊಂಡು ಕುಸಿದಿದ್ದರು. ಎಡ ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ದ್ರಾಕ್ಷಿ ಕಾಳಿನಷ್ಟು ಒಂದು ಉಬ್ಬು ಇತ್ತು. ಅದು ಒಡೆದು ಸೋರಿ, ಹೇಗೋ ತಾನಾಗಿ ಮುಚ್ಚಿಕೊಂಡಿತ್ತು. ಮತ್ತೆ ಒಡೆಯುವ ಮೊದಲು ಅದರ ಬುಡಕ್ಕೆ ಲೋಹದ ಕ್ಲಿಪ್ ಹಾಕಬೇಕು. ಇಂಥ ಕಾಯಿಲೆಯಲ್ಲಿ ಎರಡನೆಯ ಗಂಡಾಂತರವೂ ಒಂದಿದೆ. ಸೋರಿ ನಿಂತ ರಕ್ತದಿಂದ ಕೆರಳಿದ ನಾಳಗಳು ಕೆಲವು ದಿನ ಕಳೆದ ಮೇಲೆ ಮುಷ್ಟಿ ಬಿಗಿದ ಹಾಗೆ ಬಿಗಿದುಕೊಳ್ಳುತ್ತವೆ. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿರಲಿ, ಆ ಹೊತ್ತಿಗೆ ರಕ್ತ ಸರಾಗವಾಗಿ ಹರಿಯದಿದ್ದರೆ ಮಿದುಳಿನ ಆ ಭಾಗ ಒಣಗುತ್ತದೆ. ಭಟ್ಟರ ವಿಷಯದಲ್ಲಿ ಆ ಭಾಗ ಎಂದರೆ ಮಾತು ಮತ್ತು ಬಲಗೈ.

ಅದಕ್ಕೆ ಆಗ ನಾವು ನಂಬಿದ್ದ ಉಪಾಯ ರಕ್ತವನ್ನು ತೆಳುಗೊಳಿಸುವುದು. ಆಪರೇಷನ್ನಿನ ಶುರುವಿನಲ್ಲೇ ರೋಗಿಯ ಎರಡು ಚೀಲ ರಕ್ತ ತೆಗೆದಿಟ್ಟು, ಅದರ ಬದಲಿಗೆ ಉಪ್ಪುನೀರಿನ ದ್ರಾವಣ ತುಂಬಿಸುತ್ತಿದ್ದೆವು. ಕೊನೆಯಲ್ಲಿ ಅವರ ರಕ್ತವನ್ನು ಅವರಿಗೇ ಬೇಕಾದಷ್ಟು ಹಿಂದಿರುಗಿಸುವುದು. ಆಮೇಲೆ ಸುಮಾರು ಎರಡು ವಾರ ನೀರಿನಂಶ ಕಡಿಮೆಯಾಗದಂತೆ ಕಾಯುವುದು.

ಹಿಂದಿನ ದಿನ ಸರ್ಜನ್ ಇದನ್ನು ಭಟ್ಟರಿಗೆ ವಿವರಿಸಲು ಬಂದರು. ಅವರು ಮೈಲಾಪುರದವರು, ಹಾಸ್ಯಪ್ರಿಯರು. ರೋಗಿ ಏನು ಕೆಲಸ ಮಾಡುತ್ತಾರೆಂದು ಮೊದಲು ಕೇಳಿ, ಆ ಕೆಲಸದ ಮಾತಿನಲ್ಲೇ ಹೇಳುವುದು ಅವರ ಕ್ರಮ.

"ಸಾಂಬಾರ್ ಕೆಟ್ಟಿಯಾ ಇರುಂದಾ ಸಿನ್ನ ಕೊಳಾಯ್‌ಲ ಓಡುಮಾ ಸ್ವಾಮಿ? ಓಡಾದು. ಕೊಂಜಂ ತಣ್ಣಿ ಊತ್ತಿನಾ ಓಡುಂ. ಅವ್ವಳವುದಾನ್," ಎಂದರು.

ಇಪ್ಪತ್ತು ವರ್ಷ ಮದ್ರಾಸಿನಲ್ಲಿದ್ದ ಭಟ್ಟರಿಗೆ ಅದು ಅರ್ಥವಾಯಿತು. ಸಾಂಬಾರು ಗಟ್ಟಿಯಾದರೆ ಸಣ್ಣ ನಲ್ಲಿಯಲ್ಲಿ ಹರಿಯದು, ಸ್ವಲ್ಪ ನೀರು ಹೊಯ್ದರೆ ಹರಿದೀತು. ಆದರೂ ಅವರು ನನ್ನ ಕಡೆ ತಿರುಗಿದರು. ನಾನು ಕನ್ನಡದವನೆಂದು ಅವರಿಗೆ ಗೊತ್ತಾಗಿತ್ತು. ನಮ್ಮ ತಂದೆ ರೈಲ್ವೆಯಲ್ಲಿದ್ದವರು. ನಾನು ಹುಟ್ಟಿ ಬೆಳೆದದ್ದು ತಾಂಬರಂನಲ್ಲಾದರೂ ಮನೆಯ ಮಾತು ಮೈಸೂರಿನದು.

"ಎಂತ ಹೇಳ್ತ್ರ್ ಡಾಕ್ಟ್ರೇ ಇವ್ರು?"

"ನಿಮ್ಮ ರಕ್ತ ಸ್ವಲ್ಪ ತೆಳು ಮಾಡ್ತೀವಿ ಅಂತ, ಭಟ್ರೇ."

"ತೆಳಿಯಾ?" ಭಟ್ಟರು ಹಾಸಿಗೆಯಿಂದ ತಲೆ ಎತ್ತಬಾರದೆಂದು ಹೇಳಿದ್ದೆವು, ಆದರೂ ಎತ್ತಿದರು. "ತೆಳಿ ಅಂದ್ರೆ ಗಂಜಿ ಬಸಿದ ನೀರ್ ಅಲ್ದಾ ಮಾರಾಯ್ರೆ? ರಕ್ತ ಬಸಿದ್ ತೆಳಿ ಮಾಡ್ತ್ರ್ಯಾ?"

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಆ ವಾರವಷ್ಟೇ ಊರಿನಿಂದ ಬಂದವರು, ತಮಿಳು ಬರುತ್ತಿರಲಿಲ್ಲ. ಸರ್ಜನ್ ಏನೆಂದು ಕೇಳಿದರು. ನಾನು ಹೇಳಿದೆ. ಅವರೂ ನಕ್ಕರು.

ನನಗೆ ಹೋಟೆಲಿನ ಹಿನ್ನೆಲೆ ಆಗ ತಿಳಿದಿರಲಿಲ್ಲ. ಆಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಭಟ್ಟರ ಸಾಂಬಾರು ಮುಗಿದರೆ ಮುಗಿಯಿತು. ಭಾನುವಾರ ಎಷ್ಟೇ ಜನ ನಿಂತಿರಲಿ, ಇಡ್ಲಿಗೆ ಚಟ್ನಿ ಮಾತ್ರ ಎಂದು ಹೇಳಿಸುತ್ತಿದ್ದರು. ಒಮ್ಮೆ ಒಬ್ಬ ಸಪ್ಲೈಯರ್ ಅವರಿಗೆ ಕಾಣದಂತೆ ಒಂದು ಚೊಂಬು ಬಿಸಿನೀರನ್ನು ಪಾತ್ರೆಗೆ ಸುರಿದದ್ದಕ್ಕೆ ಅವನ ಕೆನ್ನೆಗೆ ಹೊಡೆದು, ಇಡೀ ಪಾತ್ರೆಯನ್ನು ಮೋರಿಗೆ ಚೆಲ್ಲಿದ್ದರು. ಆ ಕೋಪಕ್ಕೆ ಅವರಲ್ಲಿ ಒಂದು ಕಾರಣವಿತ್ತು. ಕುದಿದು ಇಳಿಸಿದ ಸಾಂಬಾರಿಗೆ ಆಮೇಲೆ ನೀರು ಬಿದ್ದರೆ, ಅದನ್ನು ಮತ್ತೆ ಕುದಿಸಿ ಬತ್ತಿಸದೇ ಇದ್ದರೆ, ಸಂಜೆಯೊಳಗೆ ಹಳಸುತ್ತದೆ. ಇದು ಅಡಿಗೆ ಮಾಡುವ ಎಲ್ಲರಿಗೂ ಗೊತ್ತಿರುವ ಮಾತು.

ಆಪರೇಷನ್ ಚೆನ್ನಾಗಿಯೇ ಆಯಿತು. ತೆಗೆದಿಟ್ಟ ರಕ್ತದ ಎರಡು ಚೀಲಗಳು ನನ್ನ ಮೇಜಿನ ಮೇಲೆ, ನಾನು ಕೈಚಾಚಿದರೆ ಸಿಗುವಷ್ಟು ದೂರದಲ್ಲಿದ್ದವು. ಆಗಾಗ ಭಟ್ಟರ ಬೆರಳಿನಿಂದ ಒಂದು ಹನಿಯನ್ನು ಕೂದಲಿನಷ್ಟು ಸಣ್ಣ ಗಾಜಿನ ಕಡ್ಡಿಗೆ ಏರಿಸಿ, ತುದಿಯನ್ನು ಮೇಣದ ಮಣ್ಣಿನಿಂದ ಮುಚ್ಚಿ, ಯಂತ್ರದಲ್ಲಿ ತಿರುಗಿಸುತ್ತಿದ್ದೆ. ತಿರುಗಿ ನಿಂತಾಗ ಕೆಂಪು ಕಣಗಳೆಲ್ಲ ಕೆಳಗೆ ಕೂತಿರುತ್ತವೆ, ಮೇಲೆ ತಿಳಿ ಹಳದಿ ನೀರು ನಿಂತಿರುತ್ತದೆ. ಒಟ್ಟು ಉದ್ದದಲ್ಲಿ ಕೆಂಪು ಎಷ್ಟು ಪಾಲು ಎಂಬುದೇ ರಕ್ತದ ಗಟ್ಟಿತನಕ್ಕೆ ನಮ್ಮಲ್ಲಿದ್ದ ಅಳತೆ. ಬೆಳಿಗ್ಗೆ ನೂರಕ್ಕೆ ನಲವತ್ತನಾಲ್ಕು ಇದ್ದದ್ದು ಮೂವತ್ತೆರಡಕ್ಕೆ ಇಳಿಯಿತು. ನಮಗೆ ಬೇಕಾದದ್ದು ಅಷ್ಟೇ.

ಸರ್ಜನ್ ದೊಡ್ಡ ನಾಳವನ್ನು ಕೆಲವು ನಿಮಿಷ ಅದುಮಿ ಹಿಡಿದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದರು. ಮೈಕ್ರೋಸ್ಕೋಪಿನಿಂದ ಮುಖ ತೆಗೆಯದೆಯೇ, "ನಲ್ಲಾ ಓಡುದು," ಎಂದರು. ಚೆನ್ನಾಗಿ ಹರಿಯುತ್ತಿದೆ. ಸಂಜೆ ಭಟ್ಟರು ಕಣ್ಣು ಬಿಟ್ಟು, ಬಲಗೈ ಎತ್ತಿ, ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಹಿಂದೆಂದೂ ಹಾಗೆ ಹೆಸರು ಹಿಡಿದವರಲ್ಲವಂತೆ. ಆಕೆ ನಾಚಿ ಗೋಡೆಯ ಕಡೆ ತಿರುಗಿದರು.

ಆಮೇಲೆ ಎರಡೇ ದಿನದಲ್ಲಿ ಅವರ ಕೈಯ ರಕ್ತನಾಳಗಳು ಊದಿಕೊಂಡು ಡ್ರಿಪ್ ನಿಲ್ಲದಾಯಿತು. ಆಪರೇಷನ್ನಿನಲ್ಲಿ ಕುತ್ತಿಗೆಗೆ ಹಾಕಿದ್ದ ಕೊಳವೆಯನ್ನು ಸೋಂಕಿನ ಭಯಕ್ಕೆ ತೆಗೆದಿದ್ದೆವು. "ಎಚ್ಚರ ಇದ್ದಾರೆ, ನುಂಗುತ್ತಾರೆ, ಕುಡಿಯಲಿ," ಎಂದು ಸರ್ಜನ್ ತೀರ್ಮಾನಿಸಿದರು. ಹಾಸಿಗೆಯ ಪಕ್ಕ ಸ್ಟೀಲಿನ ಹೂಜಿ ಬಂತು. ದಿನಕ್ಕೆ ಮೂರು ಲೀಟರ್. ಎಷ್ಟು ಕುಡಿದರು, ಮೂತ್ರದ ಕ್ಯಾನಿನಲ್ಲಿ ಎಷ್ಟು ಬಂತು ಎಂದು ನರ್ಸ್ ಬರೆದಿಡಬೇಕು. ಆಕೆ ಪಾಲಕ್ಕಾಡಿನವರು, ತುಂಬ ಶಿಸ್ತಿನವರು.

ಗುರುವಾರ ಮಧ್ಯಾಹ್ನ ಹೋಟೆಲಿನವರು ನೋಡಲು ಬಂದರು. ನಾನು ಆಗ ಪಕ್ಕದ ಹಾಸಿಗೆಯ ಹತ್ತಿರವಿದ್ದೆ. ಗುಂಪಿನಲ್ಲಿ ಹಿಂದೆ ಪೆಟ್ಟು ತಿಂದಿದ್ದ ಆ ಸಪ್ಲೈಯರೂ ಇದ್ದ. ನೀರು ಹಾಕಿದ ಸುದ್ದಿ ಹೇಗೋ ಹೋಟೆಲಿಗೆ ಮುಟ್ಟಿತ್ತು.

"ಹ್ವಾಯ್ ಭಟ್ರೇ," ಎಂದ ಅವನು, ಕಾಲಬುಡದಲ್ಲಿ ನಿಂತು. "ಅಂದು ಒಂದ್ ಚೊಂಬು ಬಿಸಿನೀರಿಗೆ ನನ್ನ ಕೆನ್ನೆ ಊದಿಸಿದ್ರಿ. ಈಗ ನಿಮ್ಗೇ ಬಾಟ್ಲಿಗಟ್ಲೆ ಹೊಯ್ದ್ರಂತಲ್ಲ! ಯಾರ ಕೆನ್ನೆಗೆ ಹೊಡಿತ್ರಿ ಕಾಂಬ?"

"ಡಾಕ್ಟ್ರ ಕೆನ್ನೆಗೆ," ಎಂದ ಇನ್ನೊಬ್ಬ.

"ಇನ್ನು ಮುಂದೆ ಭಟ್ರನ್ನ ತೆಳಿ ಭಟ್ರು ಅಂತ್ಲೇ ಕರೀಬೇಕು."

ಎಲ್ಲರೂ ನಕ್ಕರು. ಭಟ್ಟರೂ ನಕ್ಕರು, ತಲೆಯ ಬ್ಯಾಂಡೇಜ್ ಅಲುಗಾಡದಂತೆ. ನಗು ನಿಂತ ಮೇಲೆ ನನ್ನನ್ನು ಹತ್ತಿರ ಕರೆದರು.

"ಡಾಕ್ಟ್ರೇ, ಒಂದ್ ಕೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ನೀರ್ ಹಾಕಿದ್ಮೇಲೆ ಕುದಿಸಿದ್ರ್ಯಾ?"

"ರಕ್ತ ಕುದಿಸೋಕಾಗುತ್ತಾ ಭಟ್ರೇ?"

"ಕುದಿಸ್ದೆ ಇದ್ರೆ ಹಳಸ್ತ್ ಅಲ್ದಾ?"

ಅವರ ಮುಖದಲ್ಲಿ ನಗು ಇನ್ನೂ ಇತ್ತು. ಅದೂ ತಮಾಷೆಯೇ ಎಂದುಕೊಂಡೆ. "ಹಳಸಲ್ಲ, ನೀವು ನೀರು ಕುಡೀರಿ," ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದೆ.

ಶುಕ್ರವಾರವೂ ಶನಿವಾರವೂ ಲೆಕ್ಕ ಬಹಳ ಸೊಗಸಾಗಿತ್ತು. ಹೂಜಿ ಖಾಲಿಯಾಗುತ್ತಿತ್ತು, ಕ್ಯಾನ್ ತುಂಬುತ್ತಿತ್ತು. ಸಂಜೆ ಹೊತ್ತು ಸಣ್ಣಗೆ ಜ್ವರ ಬರುತ್ತಿತ್ತು. ಅದು ಇಂಥವರಿಗೆಲ್ಲ ಬರುವುದೇ. ಆ ಎರಡು ದಿನ ನಾನು ಬೇರೆ ಕೇಸುಗಳಲ್ಲಿದ್ದೆ. ಕುಡಿಯುತ್ತಿದ್ದಾರೆ, ಹೋಗುತ್ತಿದೆ ಎಂದ ಮೇಲೆ ಯಾರೂ ಬೆರಳು ಚುಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ರೌಂಡ್ಸ್. ಹಾಸಿಗೆಯ ಬಲಕ್ಕೆ ಸರ್ಜನ್, ಎಡಕ್ಕೆ ನಾನು, ಕಾಲಬುಡದಲ್ಲಿ ನರ್ಸ್, ಕಿಟಕಿಯ ಬಳಿ ಹೆಂಡತಿ. ಸರ್ಜನ್ ಎಂದಿನಂತೆ ಜೇಬಿನಿಂದ ಪೆನ್ನು ತೆಗೆದು ತೋರಿಸಿದರು.

"ಇದು ಎನ್ನ, ಸ್ವಾಮಿ?"

ಭಟ್ಟರು ಪೆನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಸೌಟು," ಎಂದರು.

ನಾವು ನಕ್ಕೆವು. ಸರ್ಜನ್ನರಿಗೆ ಸೌಟು ಎಂದರೇನೆಂದು ನಾನು ಹೇಳಿದ ಮೇಲೆ ಅವರು ಎಲ್ಲರಿಗಿಂತ ಜೋರಾಗಿ ನಕ್ಕು, "ಸಮಯಲ್‌ಕಾರರ್‌ಕ್ಕು ಎಲ್ಲಾಮೇ ಕರಂಡಿದಾನ್," ಎಂದರು. ಅಡಿಗೆಯವನಿಗೆ ಎಲ್ಲವೂ ಸೌಟೇ. ಹೆಂಡತಿಯೂ ನಕ್ಕರು. ಒಬ್ಬ ಮನುಷ್ಯ ಮಾತು ಕಳೆದುಕೊಳ್ಳತೊಡಗಿದ ಗಳಿಗೆ ಅದು. ಅಲ್ಲಿದ್ದವರೆಲ್ಲ ನಗುತ್ತಿದ್ದೆವು. ನಾವು ನಗುವುದನ್ನು ಕಂಡು ಭಟ್ಟರೂ ನಗಲು ನೋಡಿದರು. ಬಾಯಿಯ ಬಲಮೂಲೆ ಏಳಲಿಲ್ಲ. ಆಗ ನಾನು ಅವರ ಬೆರಳು ಹಿಡಿದೆ. ಬೆರಳು ಒಣಗಿತ್ತು. ಚುಚ್ಚಿದಾಗ ಹನಿ ಮೇಲೇಳಲು ತಡ ಮಾಡಿತು, ಎದ್ದ ಹನಿ ಕಪ್ಪಗಿತ್ತು.

ಕಡ್ಡಿ ನಲವತ್ತೊಂದು ತೋರಿಸಿತು. ನಂಬದೆ ಇನ್ನೊಂದು ಕೈಯಿಂದ ತೆಗೆದು ಮತ್ತೆ ತಿರುಗಿಸಿದೆ. ಮತ್ತೆ ಅದೇ.

"ಹಾಗಾಗಲು ಸಾಧ್ಯವಿಲ್ಲ," ಎಂದರು ಸರ್ಜನ್. ಈಗ ಅವರು ನಗುತ್ತಿರಲಿಲ್ಲ. ಕ್ಯಾನನ್ನು ಬೆಳಕಿಗೆ ಎತ್ತಿ ಹಿಡಿದರು. ಒಳಗಿದ್ದದ್ದು ತಿಳಿಯಾಗಿತ್ತು. "ಇಷ್ಟು ಹೋಗುತ್ತಿದೆ, ಇಷ್ಟು ತಿಳಿಯಾಗಿ ಹೋಗುತ್ತಿದೆ. ಮೈಯಲ್ಲಿ ನೀರು ಹೆಚ್ಚಾಗಿರಬೇಕು. ಇಲ್ಲವೇ ಮಿದುಳಿಗೆ ಬಿದ್ದ ಪೆಟ್ಟಿನಿಂದ ಮೂತ್ರದ ಹಿಡಿತ ತಪ್ಪಿರಬೇಕು. ಸೋಡಿಯಂ ಪರೀಕ್ಷೆಗೆ ರಕ್ತ ಕಳಿಸಿ. ರಿಪೋರ್ಟ್ ಬರುವವರೆಗೆ ಏನೂ ಸುರಿಯಬೇಡಿ. ನಿಮ್ಮ ಗಾಜಿನ ಕಡ್ಡಿ ನಂಬಿ ನಾನು ಇವರ ಶ್ವಾಸಕೋಶದಲ್ಲಿ ನೀರು ತುಂಬಿಸಲಾರೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಂಡದ್ದನ್ನು ಆಧರಿಸಿ ಹೇಳಿದ್ದರು. ಅವರು ಇನ್ನೊಂದು ತುರ್ತು ಆಪರೇಷನ್ನಿಗೆ ಹೋದರು. ರಕ್ತದ ಮಾದರಿ ಲ್ಯಾಬಿಗೆ ಹೋಯಿತು. ಭಾನುವಾರ ಲ್ಯಾಬಿನಲ್ಲಿ ಒಬ್ಬರೇ ಇರುತ್ತಿದ್ದರು.

ನಾನು ಕ್ಯಾನ್ ತೆಗೆದುಕೊಂಡು ಪಕ್ಕದ ಕೋಣೆಗೆ ಹೋದೆ. ಮೂತ್ರದ ಸಾಂದ್ರತೆ ನೋಡಲು ಗಾಜಿನ ಒಂದು ತೇಲುಗುಂಡು ಇರುತ್ತದೆ. ಮೂತ್ರ ಗಟ್ಟಿಯಿದ್ದಷ್ಟೂ ಅದು ಮೇಲೆ ತೇಲುತ್ತದೆ. ಕ್ಯಾನಿನಲ್ಲಿದ್ದದ್ದನ್ನು ಗಾಜಿನ ಕೊಳವೆಗೆ ಸುರಿದು ಗುಂಡು ಬಿಟ್ಟೆ. ಅದು ಬುಡದ ಹತ್ತಿರಕ್ಕೆ ಮುಳುಗಿತು. ಆಮೇಲೆ, ಯಾಕೆಂದು ಈಗಲೂ ಹೇಳಲಾರೆ, ಭಟ್ಟರ ಹೂಜಿಯಲ್ಲಿದ್ದ ಕುಡಿಯುವ ನೀರನ್ನು ಇನ್ನೊಂದು ಕೊಳವೆಗೆ ಸುರಿದು ಅದೇ ಗುಂಡನ್ನು ಬಿಟ್ಟೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಗೆರೆಗೆ ನಿಂತಿತು.

ಹಿಂದಿರುಗಿ ಹೆಂಡತಿಯ ಮುಂದೆ ನಿಂತೆ.

"ಅಮ್ಮಾ, ಈ ಕ್ಯಾನಿನಲ್ಲಿ ಇರೋದು ಏನು?"

ಆಕೆ ಗಂಡನ ಕಡೆ ನೋಡಿದರು. ಭಟ್ಟರು ಕಣ್ಣು ಮುಚ್ಚಿದ್ದರು.

"ನರ್ಸಮ್ಮ ಕೇಳ್ದಾಗೆಲ್ಲ ನೀವು ಕುಡಿದ್ರು ಅಂತ ತಲೆ ಆಡಿಸಿದ್ರಲ್ಲ?"

"ಅವ್ರು ತಣ್ಣಿ ತಣ್ಣಿ ಅಂತ ಕೇಂತ್ರ್. ನಂಗೆ ಅಷ್ಟೇ ತಿಳಿತ್." ಆಕೆಯ ಧ್ವನಿ ಇಳಿಯಿತು. "ಇವ್ರೇ ಹೇಳ್ರ್ ಡಾಕ್ಟ್ರೇ, ಚೆಲ್ಲ್ ಅಂದೇಳಿ. ನೆಲಕ್ಕೆ ಚೆಲ್ಲಿರೆ ಕಾಂತ್ರ್, ಆ ಡಬ್ಬಿಗೆ ಹೊಯ್ಯಿ ಅಂದ್ರ್."

"ಯಾಕಮ್ಮಾ?"

"ನೀರ್ ಹಾಕಿ ಕುದಿಸ್ಲಿಲ್ಲ, ಹಾಂಗೇ ಬಿಟ್ರೆ ಹಳಸ್ತ್, ಬತ್ತಿಸ್ಕ್ ಅಂದ್ರ್. ನೀರ್ ಕುಡೀದೇ ಇದ್ರೆ ತಾನಾಗಿ ಬತ್ತತ್ತಂಬ್ರ್. ಸಂಜಿ ಬೈಸರಿಗೆ ಜ್ವರ ಬಂದದ್ದ್ ಕಂಡ್ ಖುಷಿ ಆಯ್ತ್ ಅವ್ರಿಗೆ. 'ಕಾಣ್, ಒಳಗೆ ಕುದಿತಾ ಇತ್ತ್' ಅಂದ್ರ್."

ಬಾಯಿ ಒಣಗಿದಾಗ ತುಟಿಗೆ ಒದ್ದೆ ಬಟ್ಟೆ ಮಾತ್ರ ಒತ್ತಿಸಿಕೊಳ್ಳುತ್ತಿದ್ದರಂತೆ. ಮೂರು ದಿನ ಆ ಮನುಷ್ಯ ಬಾಯಾರಿಕೆ ತಡೆದುಕೊಂಡು, ತನ್ನ ರಕ್ತವನ್ನು ತಾನೇ ಒಲೆಯ ಮೇಲಿಟ್ಟವರಂತೆ ಕಾದಿದ್ದರು.

ಲ್ಯಾಬಿನ ರಿಪೋರ್ಟ್ ಬಂದಿರಲಿಲ್ಲ. ನಾನು ಅದಕ್ಕೆ ಕಾಯಲಿಲ್ಲ. ಥಿಯೇಟರಿನ ಬಾಗಿಲನ್ನು ಅರ್ಧ ತೆರೆದು, ಮೈಕ್ರೋಸ್ಕೋಪಿನಲ್ಲಿ ಬಾಗಿದ್ದ ಸರ್ಜನ್ನರಿಗೆ ನಡೆದದ್ದನ್ನು ಎರಡು ವಾಕ್ಯದಲ್ಲಿ ಹೇಳಿದೆ. ಅವರ ಕೈ ನಿಂತಿತು. ತಲೆ ಎತ್ತಲಿಲ್ಲ.

"ಊತ್ತು," ಎಂದರು. ಸುರಿ.

ಕುತ್ತಿಗೆಗೆ ಮತ್ತೆ ಕೊಳವೆ ಹಾಕಿದೆ. ನಾಳಗಳು ಬತ್ತಿ ಒಳಗೆ ಅಂಟಿಕೊಂಡಿದ್ದವು. ನಾಳ ಸೂಜಿಗೆ ಸಿಕ್ಕಿದ್ದು ಮೂರನೆಯ ಸಲ. ದ್ರಾವಣದ ಬಾಟಲಿಗಳನ್ನು ಒತ್ತಿ ಒತ್ತಿ ಇಳಿಸಿದೆವು. ಬಿಗಿದ ನಾಳಗಳಲ್ಲಿ ರಕ್ತ ನುಗ್ಗಲಿ ಎಂದು ಔಷಧ ಕೊಟ್ಟು ಒತ್ತಡ ಏರಿಸಿದೆವು. ನರ್ಸ್ ಅಳುತ್ತಲೇ ಬಾಟಲಿ ಬದಲಿಸುತ್ತಿದ್ದರು, ಒಂದನ್ನೂ ತಡಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಮೂವತ್ತನಾಲ್ಕಕ್ಕೆ ಬಂತು. ಆಮೇಲೆ ಬಂದ ಸೋಡಿಯಂ ರಿಪೋರ್ಟ್, ಮೈಯಲ್ಲಿ ನೀರು ಬತ್ತಿದೆ ಎಂದು, ನಮಗೆ ಆಗಲೇ ಗೊತ್ತಿದ್ದುದನ್ನೇ ಹೇಳಿತು.

ಸಂಜೆ, ಅಷ್ಟು ಹೊತ್ತು ಬಿದ್ದುಕೊಂಡೇ ಇದ್ದ ಬಲಗೈಯ ಬೆರಳುಗಳು ಅಲುಗಾಡಿದವು. ಹೆಂಡತಿ ಕೈಮುಗಿದರು. ನಾನು ನನ್ನ ವಾಚನ್ನು ಭಟ್ಟರ ಮುಂದೆ ಹಿಡಿದೆ.

"ಸೌಟು," ಎಂದರು.

ನರ್ಸ್ ಲೋಟ ತೋರಿಸಿದರು.

"ಸೌಟು."

ಹೆಂಡತಿ ಬಗ್ಗಿ, ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡು, "ನಾನ್ ಯಾರ್ ಹೇಳಿ ಕಾಂಬ?" ಎಂದರು. ಭಟ್ಟರು ಆಕೆಯನ್ನು ನೋಡಿದರು. ಗುರುತು ಸಿಕ್ಕಿದೆ ಎಂಬುದು ಕಣ್ಣಿನಲ್ಲಿ ಸ್ಪಷ್ಟವಾಗಿತ್ತು. ಬಾಯಿ ತೆರೆದರು. ಬಂದದ್ದು ಅದೇ ಪದ. ಅದು ತಪ್ಪೆಂದು ಅವರಿಗೇ ಕೇಳಿಸಿತು. ಮತ್ತೆ ಹೇಳಿದರು, ಮತ್ತೆ ಅದೇ ಬಂತು. ಆಮೇಲೆ ಬಾಯಿ ಮುಚ್ಚಿಕೊಂಡರು.

ಸ್ಕ್ಯಾನಿನಲ್ಲಿ ಎಡಬದಿಗೆ ಅಂಗೈಯ ಅರ್ಧದಷ್ಟು ಕಪ್ಪು ಕಾಣಿಸಿತು. ಕ್ಲಿಪ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು.

ಡಿಸ್ಚಾರ್ಜಿನ ಮುಂಚೆ ಹೋಟೆಲಿನ ಧಣಿ ಬಂದರು. ಅವರ ತಾತನ ಕಾಲದಿಂದ ಮದ್ರಾಸಿನಲ್ಲಿದ್ದ ಮನೆತನ. ನನ್ನನ್ನು ವರಾಂಡಕ್ಕೆ ಕರೆದು ಕೇಳಿದರು.

"ಡಾಕ್ಟರ್, ಕೈ ಬರುತ್ತಾ ಸರ್? ವಾಯಿ ಇಲ್ದಿದ್ರೂ ಪರವಾಯಿಲ್ಲ, ಅಡಿಗೆಮನೇಲಿ ವಾಯಿಗೆ ಎಂತ ಕೆಲಸ? ಕೈ ಬಂದ್ರೆ ಪೋದುಂ. ಆವಣಿ ಮುಹೂರ್ತ ಎಲ್ಲಾ ಬುಕ್ ಆಗಿಬಿಟ್ಟಿದೆ."

ಬಾಯಿ ಬೇಡ, ಕೈ ಬಂದರೆ ಸಾಕು, ಆಡಿ ಮುಗಿದು ಆವಣಿ ಬಂದರೆ ಮದುವೆಗಳ ಸಾಲು. ಅರ್ಧ ಬರಬಹುದು ಎಂದೆ.

"ಅರ್ಧ ಕೈ ಇಟ್ಕೊಂಡು ನಾನು ಎನ್ನ ಮಾಡ್ಲಿ?" ಎಂದರು. ಅವರು ನಿಜವಾಗಿಯೂ ನನ್ನಿಂದ ಉತ್ತರ ನಿರೀಕ್ಷಿಸುತ್ತಿದ್ದರು. ಒಳಗಿನ ಹಾಸಿಗೆಗೆ ಈ ಮಾತು ಕೇಳಿಸುವಷ್ಟು ಹತ್ತಿರ ನಾವಿದ್ದೆವು.

ಆ ನೀರನ್ನೆಲ್ಲ ಕುಡಿದಿದ್ದರೆ ಭಟ್ಟರ ಮಾತು ಉಳಿಯುತ್ತಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಎಲ್ಲ ಸರಿಯಾಗಿ ಮಾಡಿಸಿಕೊಂಡವರಲ್ಲೂ ನಾಳ ಬಿಗಿದು ಹೀಗಾದದ್ದನ್ನು ಕಂಡಿದ್ದೇನೆ. ಮುಂದಿನ ವರ್ಷಗಳಲ್ಲಿ, ಬೇಕೆಂದೇ ರಕ್ತವನ್ನು ಅಷ್ಟು ತೆಳುಗೊಳಿಸುವುದರಿಂದ ಲಾಭವಿಲ್ಲ, ಕೆಲವೊಮ್ಮೆ ಕೇಡೇ ಆದೀತು ಎಂಬ ಅಭಿಪ್ರಾಯ ಬಲವಾಗಿ ಆ ಪದ್ಧತಿಯನ್ನೇ ನಾವು ಬಿಟ್ಟೆವು. ಅಂದರೆ ನೀರು ಹಾಕಿದ್ದರ ಬಗ್ಗೆ ಅಡಿಗೆಯವರಿಗಿದ್ದ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಬತ್ತಿಸಿದ್ದು ಮಾತ್ರ ತಪ್ಪು. ರೋಗಿಯ ಮೈಯಲ್ಲಿ ನೀರು ಕಡಿಮೆಯಾಗಬಾರದು ಎಂಬ ಮಾತು ಇವತ್ತಿಗೂ ಬದಲಾಗಿಲ್ಲ.

ಮಾರನೆಯ ವರ್ಷ ಒಂದು ಬೆಳಿಗ್ಗೆ ನಾನು ಆ ಹೋಟೆಲಿಗೆ ಹೋದೆ. ಬಾಗಿಲ ಪಕ್ಕದಲ್ಲೇ, ಕೈತೊಳೆಯುವ ತೊಟ್ಟಿಗೂ ಮೊದಲ ಮೇಜಿಗೂ ನಡುವೆ, ಭಟ್ಟರು ಸ್ಟೂಲಿನ ಮೇಲೆ ಕೂತಿದ್ದರು. ಅವರ ಮುಂದೆ ಸಾಲಾಗಿ ಸ್ಟೀಲಿನ ಲೋಟಗಳು. ಎಡಗೈಯಿಂದ ಜಗ್ಗು ಎತ್ತಿ, ಒಂದೊಂದಕ್ಕೂ ನೀರು ತುಂಬುತ್ತಿದ್ದರು. ಧಣಿ ಅವರನ್ನು ಕೈಬಿಟ್ಟಿರಲಿಲ್ಲ. ನೀರು ಹಾಕುವ ಕೆಲಸ ಕೊಟ್ಟಿದ್ದರು.

ನಾನು ಇಡ್ಲಿ ಹೇಳಿದೆ. ತಂದಿಟ್ಟವನು ಅದೇ ಸಪ್ಲೈಯರ್, ನನ್ನ ಗುರುತು ಅವನಿಗೆ ಹತ್ತಲಿಲ್ಲ. ಸಾಂಬಾರು ತಟ್ಟೆಯ ಅಂಚಿನವರೆಗೂ ಹರಿಯಿತು. ಬೇಳೆ ಒಂದು ಕಡೆ ನಿಂತು ನೀರು ಒಂದು ಕಡೆ ಹೋಯಿತು. ತಲೆ ಎತ್ತಿದಾಗ ಭಟ್ಟರು ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಎದ್ದು, ಬಲಗಾಲು ಎಳೆಯುತ್ತ ಬಂದು, ತಟ್ಟೆಯ ಅಂಚಿನಲ್ಲಿ ಹರಿದು ನಿಂತಿದ್ದ ನೀರಿಗೆ ಎಡಗೈಯ ಬೆರಳು ತೋರಿಸಿದರು. ಕುತ್ತಿಗೆಯ ನರ ಉಬ್ಬಿತು.

"ಸೌಟು," ಎಂದರು. ಇನ್ನೂ ಜೋರಾಗಿ, "ಸೌಟು! ಸೌಟು!"

ಅಕ್ಕಪಕ್ಕದ ಮೇಜಿನವರು ನಕ್ಕರು. ಸಪ್ಲೈಯರ್ ಬಂದು, "ಬನ್ನಿ ಭಟ್ರೇ, ಲೋಟ ಖಾಲಿ ಆಯ್ತ್," ಎಂದು ತೋಳು ಹಿಡಿದು ಕರೆದೊಯ್ದ.

ನಾನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದೆ.

ಆ ಭಾನುವಾರ ಬೆಳಿಗ್ಗೆ ಹಾಸಿಗೆಯ ಸುತ್ತ ನಿಂತು ನಕ್ಕವರಲ್ಲಿ ಸರ್ಜನ್ ತೀರಿಕೊಂಡರು. ಇದನ್ನು ಕಂಡವರಲ್ಲಿ ಈಗ ಉಳಿದಿರುವವರು ಇಷ್ಟು ಜನ. ನರ್ಸ್ ಮಸ್ಕತ್ತಿನಿಂದ ನಿವೃತ್ತರಾಗಿ ಪಾಲಕ್ಕಾಡಿನಲ್ಲಿದ್ದಾರೆ. ಭಟ್ಟರ ಹೆಂಡತಿ ಕುಂದಾಪುರದ ಹತ್ತಿರ ಮಗಳ ಮನೆಯಲ್ಲಿದ್ದಾರೆ, ಈಗಲೂ ಊಟಕ್ಕೆ ಕೂತಾಗ ಗಂಡನ ಕೈಗೆ ಮೊದಲು ನೀರಿನ ಲೋಟ ಕೊಡುತ್ತಾರಂತೆ. ನಾನಿದ್ದೇನೆ. ಇನ್ನೊಬ್ಬರು ಭಟ್ಟರು. ಅಂದು ಏನಾಯಿತು ಎಂದು ಕೇಳಿದರೆ ಅವರೂ ಹೇಳುತ್ತಾರೆ, ಒಂದೇ ಪದದಲ್ಲಿ.